ಐವತ್ತೆರಡು ಅಡಿ ದೂರ

"ಆ ತುದಿ ಗಟ್ಟಿ ಹಿಡ್ಕಳಿ... ಬಿಡಬೇಡಿ!"

ನೀಲಾಂಬಿಕೆ ಬೆಚ್ಚಿದಳು. ಅಪರಿಚಿತ ಗಂಡಸೊಬ್ಬ ತನ್ನನ್ನು ನೇರವಾಗಿ ಮಾತಾಡಿಸಿ ಎಷ್ಟು ಕಾಲವಾಗಿತ್ತೋ!

ಅವಳ ಕೈಯಲ್ಲಿ ಅಳತೆ ಟೇಪಿನ ಹಿತ್ತಾಳೆಯ ಕೊಂಡಿ ಇತ್ತು. ಅದನ್ನು ಹಿತ್ತಲಿನ ಬಾವಿಕಟ್ಟೆಗೆ ಒತ್ತಿ ಹಿಡಿದು ನಿಂತಿದ್ದಳು. ಟೇಪು ಹಿತ್ತಲಿನುದ್ದಕ್ಕೂ ಬಿಚ್ಚಿಕೊಳ್ಳುತ್ತ ಹೋಗಿ, ಆ ಕೊನೆಯ ಹುಣಸೆ ಮರದ ಕೆಳಗೆ ಖಾಕಿ ಷರಾಯಿಯ ಹೆಲ್ತ್ ಇನ್ಸ್‌ಪೆಕ್ಟರ್ ಬೆನಕಪ್ಪನ ಕೈ ಸೇರಿತ್ತು.

"ಐವತ್ತೆರಡು ಅಡಿ!" ಅವನು ಅಲ್ಲಿಂದಲೇ ಕೂಗಿದ. "ಬಾವಿಗೂ ಕಕ್ಕಸಿಗೂ ಐವತ್ತು ಇದ್ರೆ ಸಾಕು. ಎರಡು ಅಡಿ ಲಾಭ ನಿಮಗೆ, ಯಜಮಾನ್ರೆ!"

ಯಜಮಾನ ಪರಮಶಿವಪ್ಪ ಮೀಸೆಯ ಮೇಲೆ ಕೈಯಾಡಿಸಿಕೊಂಡ. ಧಾನ್ಯದ ವ್ಯಾಪಾರಿ, ನೀಲಾಂಬಿಕೆಯ ಮಾವ. ಶಿಕಾರಿಪುರದ ಆ ಬೀದಿಯಲ್ಲಿ ಎಲ್ಲರೂ ತಂಬಿಗೆ ಹಿಡಿದು ಹೊಲದ ಕಡೆ ನಡೆಯುತ್ತಿದ್ದ ಕಾಲ ಅದು, ಸಾವಿರದ ಒಂಬೈನೂರ ಐವತ್ತೇಳರ ಬೇಸಿಗೆ. ಮನೆಯ ಹಿತ್ತಲಲ್ಲೇ ಸಿಮೆಂಟಿನ ಹಲಗೆ ಕೂರಿಸಿ ಕಕ್ಕಸು ಕಟ್ಟಿಸಿದವರಲ್ಲಿ ಆತನೇ ಮೊದಲಿಗ. ಆ ಹೆಮ್ಮೆ ಮೀಸೆಯಲ್ಲಿ ಕಾಣುತ್ತಿತ್ತು.

"ಗುಂಡಿ ಎಷ್ಟು ಆಳ ತೋಡಿಸಿದೀರಿ?"

"ಎಂಟಡಿ ರೀ," ಎಂದ ಪರಮಶಿವಪ್ಪ, ಒಂದು ಗಳಿಗೆಯೂ ತಡೆಯದೆ.

ನೀಲಾಂಬಿಕೆಯ ಬಾಯಿ ತಾನಾಗಿ ತೆರೆಯಿತು. ಮಾವ ಒಮ್ಮೆ ಅವಳತ್ತ ನೋಡಿದ, ಅಷ್ಟೇ. ತೆರೆದ ಬಾಯಿ ಮುಚ್ಚಿಕೊಂಡಿತು.

ಅದು ಎಂಟಡಿಯ ಗುಂಡಿಯಲ್ಲ, ಅದೊಂದು ಹಳೆಯ ಹಗೇವು! ಜೋಳ ತುಂಬಿಡಲು ಅಜ್ಜಂದಿರು ನೆಲದೊಳಗೆ ಕೊರೆಸಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಒಳಗಿನ ಹೊಟ್ಟೆಯೋ ಒಂದು ಕೋಣೆಯಷ್ಟು ಅಗಲ, ಎರಡಾಳು ಆಳ. ಯುದ್ಧದ ಕಾಲದಲ್ಲಿ ಸರ್ಕಾರದವರು ಮನೆಮನೆಗೆ ಬಂದು ಲೆವಿ ಧಾನ್ಯ ಎತ್ತುತ್ತಿದ್ದಾಗ ಪರಮಶಿವಪ್ಪ ಅದರಲ್ಲೇ ಜೋಳ ಬಚ್ಚಿಟ್ಟು, ಮೇಲೆ ಮಣ್ಣೆಳೆದು, ಸೌದೆ ಒಟ್ಟಿ ಕೂತಿದ್ದ. ಲೆವಿ ಹೋಗಿ ವರ್ಷಗಳಾದರೂ ಆ ಭಯ ಮಾತ್ರ ಹೋಗಿರಲಿಲ್ಲ. ಸರ್ಕಾರದ ಮನುಷ್ಯನ ಮುಂದೆ 'ಹಗೇವು' ಎಂಬ ಮಾತೆತ್ತುವುದೇ? ಅದೂ ಅಲ್ಲದೆ, ಸಿದ್ಧವಾಗಿರುವ ಗುಂಡಿ ಬಿಟ್ಟು ಹೊಸದನ್ನು ಯಾಕೆ ತೋಡಿಸಬೇಕು ಎಂಬ ವ್ಯಾಪಾರಿ ಬುದ್ಧಿ ಬೇರೆ.

ಅದರ ಹೊಟ್ಟೆ ಎಷ್ಟು ಅಗಲವೆಂದು ನೀಲಾಂಬಿಕೆಗೆ ಚೆನ್ನಾಗಿ ಗೊತ್ತಿತ್ತು. ಸೊರಬದ ಕಡೆಯ ಕುಪ್ಪಗಡ್ಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ, "ಹಗೇವು ಅಂದ್ರೇನು?" ಎಂದು ಕೇಳಿದ್ದಕ್ಕೆ ಗಂಡ ಮೊದಲು ದೀಪ ಇಳಿಬಿಟ್ಟು ನೋಡಿ, ಆಮೇಲೆ ಅವಳನ್ನೇ ಹಗ್ಗ ಕಟ್ಟಿ ಕೆಳಗಿಳಿಸಿದ್ದ. ಒಳಗೆ ನಿಂತು ಅವಳು ಕಿರುಚಿದರೆ ದನಿ ಸುತ್ತಿ ಸುತ್ತಿ ಬರುತ್ತಿತ್ತು. ಮೇಲೆ ಅವನ ನಗು. ಎರಡು ವರ್ಷ ತುಂಬುವುದರೊಳಗೆ ಜ್ವರ ಬಂದು ಅವನೇ ಇಲ್ಲವಾದ. ಈಗ ಅವಳಿಗೆ ಇಪ್ಪತ್ಮೂರು.

"ಎಂತ ಬಿಸಿಲು ಮಾರಾಯ್ರೆ!" ಬೆನಕಪ್ಪ ಟೇಪು ಸುತ್ತುತ್ತ ಹತ್ತಿರ ಬಂದ.

ಎಂತ! ಅವಳ ಊರಿನ ಮಾತು... ಈ ಮನೆಯಲ್ಲಿ ಯಾರೂ ಆಡದ ಮಾತು. ಅವಳ ಕಣ್ಣು ತುಂಬಿಬಂತು. ಅವನು ಕೊಂಡಿ ತೆಗೆದುಕೊಳ್ಳುವಾಗ ಅವಳ ಮುಖ ನೋಡಿ ಒಂದು ಕ್ಷಣ ನಿಂತ. ಏನೋ ಕೇಳುವವನಂತೆ ಕಂಡ. ಆದರೆ ಕೇಳಲಿಲ್ಲ. ಪುಸ್ತಕದಲ್ಲಿ 'ಐವತ್ತೆರಡು ಅಡಿ, ಸರಿಯಿದೆ' ಎಂದು ಬರೆದುಕೊಂಡು ಸೈಕಲ್ ಹತ್ತಿದ.

'ಕೇಳಿದ್ದರೆ ಹೇಳುತ್ತಿದ್ದೆನೇ?' ಆ ದಿನವೆಲ್ಲ ನೀಲಾಂಬಿಕೆ ತನ್ನನ್ನೇ ಕೇಳಿಕೊಂಡಳು.

* * *

ಆ ಬಾವಿಯೇ ಅವಳ ಲೋಕ.

ಬೀದಿಯ ಉಳಿದ ಬಾವಿಗಳ ನೀರು ಸವಳು. ಪರಮಶಿವಪ್ಪನ ಬಾವಿಯದು ಮಾತ್ರ ಸಿಹಿ. ಹಿತ್ತಲಿನ ಬಾಗಿಲು ಬೆಳಿಗ್ಗೆ ಸಂಜೆ ತೆರೆದೇ ಇರುತ್ತಿತ್ತು. ಹೆಂಗಸರು ಕೊಡ ಹೊತ್ತು ಬರುತ್ತಿದ್ದರು. ಅತ್ತೆ ಇಲ್ಲ, ಗಂಡ ಇಲ್ಲ, ಮಕ್ಕಳಿಲ್ಲ. ಮಾವ ಅಂಗಡಿಯಿಂದ ಬಂದು ಲಿಂಗಪೂಜೆ ಮಾಡಿ ಉಂಡು ಮಲಗಿದರೆ ಆಯಿತು. ಇಡೀ ದಿನದಲ್ಲಿ ಅವಳು ಮನುಷ್ಯರ ಮಾತು ಕೇಳುತ್ತಿದ್ದದ್ದು ಆ ಎರಡು ಹೊತ್ತು ಮಾತ್ರ. ಕೊಡ ಕಟ್ಟೆಗೆ ತಾಗಿದ ಸದ್ದಿನಿಂದಲೇ ಬಂದವರು ಯಾರೆಂದು ಹೇಳುತ್ತಿದ್ದಳು.

ಅವರಲ್ಲಿ ಪಕ್ಕದ ಮನೆಯ ನಿಂಗಮ್ಮ ಅವಳ ಜೀವದ ಗೆಳತಿ. ನಾಲ್ಕು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, ಊರ ಸುದ್ದಿಯನ್ನೆಲ್ಲ ಬಾವಿಕಟ್ಟೆಯ ಮೇಲೆ ಹರಡಿ ಹೋಗುವವಳು.

ಮೊದಲ ವರ್ಷ ಮಳೆ ಕಡಿಮೆ, ಏನೂ ಆಗಲಿಲ್ಲ. ಮರುವರ್ಷದ ಆಷಾಢದಲ್ಲಿ ಹನ್ನೊಂದು ದಿನ ಬಿಡದೆ ಸುರಿಯಿತು. ಹಗೇವಿನೊಳಗೆ ನೀರು ಒಸರಿತು. ಹನ್ನೆರಡನೆಯ ಬೆಳಿಗ್ಗೆ ಸಿಮೆಂಟಿನ ಹಲಗೆಯ ಬಾಯಿಂದ ಹೊಲಸೆಲ್ಲ ಉಕ್ಕಿ ಹಿತ್ತಲಿಗೆ ಹರಡಿತು.

"ನೀಲವ್ವಾ! ನೀರು ಸೇದವ್ವಾ, ನೂರು ಕೊಡ ಆದ್ರೂ ಆಗ್ಲಿ, ಎಲ್ಲಾ ತೊಳೆದುಬಿಡು!" ಪರಮಶಿವಪ್ಪ ಮೂಗಿಗೆ ಶಲ್ಯ ಹಿಡಿದು ಕೂಗಾಡಿದ. "ಆಮೇಲೆ ಸಗಣಿ ಹಾಕಿ ಸಾರಿಸು. ಗೋಮೂತ್ರ ಚಿಮುಕಿಸಿದ್ರೆ ಮುಗೀತು!"

ಅವಳು ಸೇದಿದಳು, ಸುರಿದಳು. ಮತ್ತೆ ಸೇದಿದಳು. ಇಳಿಜಾರು ಬಾವಿಯ ಕಡೆಗೇ ಇದೆಯೆಂದು ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಮೂರು ದಿನ ಹಿತ್ತಲು ತೊಳೆದದ್ದೇ ತೊಳೆದದ್ದು. ಹೆಂಗಸರು ನೀರು ಒಯ್ದದ್ದೇ ಒಯ್ದದ್ದು.

ನಾಲ್ಕನೆಯ ದಿನ ಅವಳು ಕೊಡ ಎತ್ತುವಷ್ಟರಲ್ಲಿ ಹಿತ್ತಲಿನ ಬಾಗಿಲು ದಡಾರನೆ ತೆರೆಯಿತು.

"ಎಂತ ಮಾಡ್ತಿದೀರಿ! ನಿಲ್ಸಿ!"

ಬೆನಕಪ್ಪ ಓಡಿಬಂದು ಅವಳ ಕೈಯಿಂದ ಹಗ್ಗ ಕಿತ್ತುಕೊಂಡ. ಅವನ ಮುಖ ಬೆವತಿತ್ತು.

"ಪಕ್ಕದ ಮನೆ ಮಗು ಆಸ್ಪತ್ರೇಲಿದೆ. ವಾಂತಿ, ಭೇದಿ. ಇದೇ ಬೀದೀಲಿ ಇನ್ನೂ ಆರು ಜನ. ಎಲ್ಲಾರೂ ಈ ಬಾವಿ ನೀರು ಕುಡಿದೋರು!"

ನಿಂಗಮ್ಮನ ಮಗಳು! ನೀಲಾಂಬಿಕೆ ಬಾವಿಯೊಳಗೆ ಬಗ್ಗಿ ನೋಡಿದಳು.

"ಆದ್ರೆ... ನೀರು ತಿಳಿಯಾಗೇ ಇದೆಯಲ್ಲ..."

"ತಿಳಿಯಾಗೇ ಇರತ್ತೆ ಕಣ್ರೀ. ರೋಗದ ಹುಳ ಕಣ್ಣಿಗೆ ಕಾಣಲ್ಲ. ಎಲೆ ಕಸ ಆದ್ರೆ ಬಟ್ಟೇಲಿ ಸೋಸಬಹುದು, ಇದನ್ನ ಸೋಸೋಕಾಗಲ್ಲ. ನೀವು ತೊಳೆದ ನೀರೆಲ್ಲ ಎಲ್ಲಿಗೆ ಹೋಯ್ತು, ನೋಡಿ!"

ಅವಳು ನೋಡಿದಳು. ಸಗಣಿ ಸಾರಿಸಿದ ಹಿತ್ತಲು ಹಸನಾಗಿ ಕಾಣುತ್ತಿತ್ತು. ಅದರ ಅಂಚಿನಲ್ಲಿ ಸಣ್ಣ ಕಾಲುವೆಯೊಂದು ಬಾವಿಕಟ್ಟೆಯ ಬುಡದ ಬಿರುಕಿನಲ್ಲಿ ಇಳಿದು ಮಾಯವಾಗುತ್ತಿತ್ತು.

"ಗಂಗವ್ವಗೆ ಎಂಥಾ ಮೈಲಿಗೆ ರೀ?" ಪರಮಶಿವಪ್ಪ ಗದರಿದ.

"ಗಂಗವ್ವಗೆ ಮೈಲಿಗೆ ಇಲ್ದೇ ಇರಬಹುದು ಯಜಮಾನ್ರೆ. ಆ ಕೂಸಿನ ಹೊಟ್ಟೆಗೆ ಇದೆ."

ಬೆನಕಪ್ಪ ಆಳುಗಳನ್ನು ಕರೆಸಿ ಹಲಗೆ ಎತ್ತಿಸಿದ. ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ತಲೆಯೆತ್ತಿದಾಗ ಅವನ ದನಿ ತಗ್ಗಿತ್ತು.

"ಇದು ಗುಂಡಿ ಅಲ್ಲ. ಹಗೇವು. ಬಾಯಿಂದ ಅಳೆದ್ರೆ ಐವತ್ತೆರಡು ಅಡಿ. ಹೊಟ್ಟೆಯಿಂದ ಅಳೆದ್ರೆ ನಲವತ್ತೈದೂ ಇಲ್ಲ... ತಳ ಬಾವಿ ನೀರಿನ ಮಟ್ಟಕ್ಕೇ ಹೋಗಿದೆ. ಮೇಲಿಂದಲೂ ಹೋಗಿದೆ, ಒಳಗಿಂದಲೂ ಹೋಗಿದೆ."

ಪರಮಶಿವಪ್ಪ ಬೇರೆ ಕಡೆ ನೋಡಿದ. ಬೆನಕಪ್ಪನ ಕಣ್ಣು ನೀಲಾಂಬಿಕೆಯತ್ತ ತಿರುಗಿತು. ಅವಳು ತಲೆ ತಗ್ಗಿಸಿದಳು. ಅವನು ಅವಳನ್ನು ಏನೂ ಕೇಳಲಿಲ್ಲ. ಅಂದೇ ಬಾವಿಕಟ್ಟೆಯ ಸುತ್ತ ಕೆಂಪು ಬಣ್ಣದ ಪಟ್ಟೆ ಎಳೆದ. ಕುಡಿಯಬಾರದು ಎಂಬ ಗುರುತು.

* * *

ಮುಂದಿನ ಎಂಟು ದಿನ! ಆ ಮನೆಯಲ್ಲಿ ಅಷ್ಟೊಂದು ಮಾತು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಬೆನಕಪ್ಪ ದಿನಾ ಬಂದ. ಹಗೇವಿಗೆ ಸುಣ್ಣ ಸುರಿಸಿ, ಮಣ್ಣು ತುಂಬಿಸಿ ಮುಚ್ಚಿಸಿದ. ಹಿತ್ತಲಿನ ಮೇಲ್ಮಣ್ಣು ಕೆರೆಸಿ ದೂರ ಹೂಳಿಸಿದ. ಬಕೀಟಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿ, ಗಸಿ ಕೆಳಗಿಳಿದ ಮೇಲೆ ತಿಳಿಯನ್ನಷ್ಟೇ ಬೇರೆ ಬಕೀಟಿಗೆ ಬಗ್ಗಿಸಿ, ಅದನ್ನು ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿದ. ಮರುದಿನ ನೀರೆಲ್ಲ ಎತ್ತಿಸಿ, ತಳದ ಕೆಸರು ತೆಗೆಸಿ, ಗೋಡೆ ಉಜ್ಜಿಸಿದ. ಹೊಸ ನೀರು ಊರಿದ ಮೇಲೆ ಮತ್ತೆ ಔಷಧಿ.

"ಮೂಗು ಮುಚ್ಕಳಿ, ಘಾಟು ಜಾಸ್ತಿ," ಎನ್ನುವನು.

"ನಿಮಗೆ ಹತ್ತಲ್ವಾ?"

"ನಂಗೆ ಅಭ್ಯಾಸ. ನನ್ನ ಅಂಗಿಗೆ ಯಾವಾಗ್ಲೂ ಇದೇ ಅತ್ತರು!"

ಅವಳು ನಕ್ಕಳು. ನಕ್ಕದ್ದು ತಾನೇ ಎಂದು ತಿಳಿದು ಗಾಬರಿಯಾಗಿ ಸೆರಗು ಬಾಯಿಗೆ ಒತ್ತಿಕೊಂಡಳು.

ಅವನ ಊರೂ ಸೊರಬದ ಕಡೆಯದೇ, ಹೊಸಬಾಳೆ. ತಾಯಿ ತೀರಿಕೊಂಡು ಐದು ವರ್ಷ. ಮೂವತ್ತು ದಾಟಿದರೂ ಮದುವೆ ಇಲ್ಲ. "ಕಕ್ಕಸು ಇನ್ಸ್‌ಪೆಕ್ಟ್ರಿಗೆ ಯಾರು ಹೆಣ್ಣು ಕೊಡ್ತಾರೆ? ಹೆಣ್ಣು ನೋಡೋಕೆ ಹೋದಲ್ಲೂ ನಾನು ಮೊದಲು ಬಾವಿ ನೋಡ್ತೀನಂತೆ!" ಎಂದು ತನ್ನನ್ನೇ ಗೇಲಿ ಮಾಡಿಕೊಂಡ. ಅವಳಿಗೆ ನಗುವಿನ ಜೊತೆಗೇ ಸಂಕಟವಾಯಿತು. 'ಇವರೂ ನನ್ನ ಹಾಗೇ ಒಬ್ಬರೇ...'

"ಬಾವಿ ಯಾವಾಗ ಸರಿಹೋಗತ್ತೆ?"

"ನೀರು ಬೇಗ ಸರಿಹೋಗತ್ತೆ. ನೆಲದೊಳಗೆ ಇಳಿದಿದ್ದು ಸಾಯೋಕೆ ಟೈಮ್ ಬೇಕು. ಮಳೆ ಮುಗೀಲಿ. ಕಾರ್ತಿಕದ ಹೊತ್ತಿಗೆ ಪರೀಕ್ಷೆ ಮಾಡಿಸ್ತೀನಿ. ಕೆಂಪು ಬಳಿದವನು ನಾನೇ, ಮೇಲೆ ಸುಣ್ಣ ಬಳಿಯೋನೂ ನಾನೇ. ಅವತ್ತು ನೀವು ಸೇದಿ ಕೊಡಿ. ಮೊದಲ ಗುಟುಕು ನಾನು ಕುಡೀತೀನಿ. ಆಗ ಎಲ್ಲಾರೂ ನಂಬ್ತಾರೆ."

"ಖಂಡಿತಾ?"

"ಖಂಡಿತಾ."

'ಈಗಲೇ ಹೇಳಿಬಿಡು. ಹಗೇವಿನ ವಿಷಯ ನನಗೆ ಗೊತ್ತಿತ್ತು ಅಂತ ಹೇಳಿಬಿಡು!' ಎದೆಯೊಳಗಿನ ದನಿ ಒತ್ತಾಯಿಸಿತು. ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆ ಅವನು ಬರಲಿಲ್ಲ. ನಾಡಿದ್ದೂ ಬರಲಿಲ್ಲ. ವಾರ ಕಳೆದ ಮೇಲೆ ಬೇರೊಬ್ಬ ಇನ್ಸ್‌ಪೆಕ್ಟರ್ ಬಂದು, "ಬೆನಕಪ್ಪನಾ? ಸೊರಬಕ್ಕೆ ವರ್ಗ ಆಯ್ತು," ಎಂದಷ್ಟೇ ಹೇಳಿ ಹೋದ.

ಒಂದು ಮಾತೂ ಹೇಳದೆ!

* * *

ಆಮೇಲಿನ ದಿನಗಳನ್ನು ಹೇಗೆ ಹೇಳುವುದು?

ದೇವರು ದೊಡ್ಡವನು, ನಿಂಗಮ್ಮನ ಮಗಳು ಬದುಕಿದಳು. ಉಳಿದವರೂ ಚೇತರಿಸಿಕೊಂಡರು. ಆದರೆ ಹಿತ್ತಲಿಗೆ ಯಾರೂ ಬರಲಿಲ್ಲ. ಹೆಂಗಸರು ಕೆರೆಯ ಕಡೆಯ ಬಾವಿಗೆ ಅರ್ಧ ಮೈಲಿ ನಡೆಯತೊಡಗಿದರು. ಬೀದಿಯಲ್ಲಿ ಅವರ ಮಾತು ಕೇಳುತ್ತಿತ್ತು, ನಗು ಕೇಳುತ್ತಿತ್ತು. ಪರಮಶಿವಪ್ಪನ ಮನೆ ಹತ್ತಿರವಾದಂತೆ ಮಾತು ನಿಲ್ಲುತ್ತಿತ್ತು, ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಒಮ್ಮೆ ಮಾತ್ರ ನಿಂಗಮ್ಮ ಬೇಲಿಯ ಹತ್ತಿರ ನಿಂತಳು.

"ಒಂದು ಕೇಳ್ತೀನಿ ನೀಲವ್ವಾ. ಅದು ಹಗೇವು ಅಂತ ನಿನಗೆ ಗೊತ್ತಿತ್ತೇನು?"

ನೀಲಾಂಬಿಕೆ ಬೇಲಿಯ ಕಡ್ಡಿ ಮುರಿಯುತ್ತ ನಿಂತಳು. ಇಲ್ಲ ಎಂದರೆ ಸುಳ್ಳು. ಹೌದು ಎಂದರೆ ಇರುವ ಒಬ್ಬ ಗೆಳತಿಯೂ ಇಲ್ಲ.

ನಿಂಗಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಹೋದಳು.

ಪ್ರತಿ ಬೆಳಿಗ್ಗೆ ನೀಲಾಂಬಿಕೆ ಬಾವಿಯಿಂದ ಹತ್ತು ಕೊಡ ಸೇದಿ ಗಿಡಗಳಿಗೆ ಸುರಿಯುತ್ತಿದ್ದಳು. ನೀರು ನಿಂತರೆ ಕೆಡುತ್ತದೆ ಎಂದು ಬೆನಕಪ್ಪ ಹೇಳಿದ್ದ. ಕುಡಿಯುವ ನೀರನ್ನು ಅಂಗಡಿಯ ಆಳು ಕೆರೆಯ ಕಡೆಯಿಂದ ತಂದಿಡುತ್ತಿದ್ದ. ಹಗ್ಗವನ್ನು ಸುತ್ತಿ ಇಡುತ್ತಿದ್ದಳು. ಹಿತ್ತಲಿನ ಬಾಗಿಲು ತೆರೆದಿಡುತ್ತಿದ್ದಳು. ಸಂಜೆ ತಾನೇ ಮುಚ್ಚುತ್ತಿದ್ದಳು. ಕೆಲವು ದಿನ ಮಾವ ಬಂದು "ಊಟಕ್ಕೆ ಹಾಕವ್ವಾ" ಎಂದಾಗ ಉತ್ತರ ಕೊಡಲು ಹೋಗಿ ತನ್ನ ದನಿಯೇ ತನಗೆ ಹೊಸದೆನಿಸುತ್ತಿತ್ತು. ಬೆಳಗಿನಿಂದ ಬಾಯಿ ತೆರೆದೇ ಇರುತ್ತಿರಲಿಲ್ಲ!

ಬಾವಿಕಟ್ಟೆಯ ಕೆಂಪು ಪಟ್ಟೆ ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು. 'ಖಂಡಿತಾ ಅಂದರು. ಬಣ್ಣ ಬಳಿದರು, ಹೋದರು. ನಾನು ಕುಡಿದೆನೋ ಬಿಟ್ಟೆನೋ, ಇದ್ದೆನೋ ಸತ್ತೆನೋ...' ಆ ಸಿಟ್ಟಿನಲ್ಲೇ ಕಣ್ಣೀರು. ಅವನನ್ನು ಇಷ್ಟು ನೆನೆಯುವುದೇಕೆ ಎಂದು ನಾಚಿಕೆ ಬೇರೆ.

ಕಾರ್ತಿಕದಲ್ಲಿ ಹೊಸ ಇನ್ಸ್‌ಪೆಕ್ಟರ್ ಸೀಸೆಯಲ್ಲಿ ನೀರು ತುಂಬಿಸಿಕೊಂಡು ಹೋದ. ಕೆಲವು ದಿನದ ಮೇಲೆ ಬಾಗಿಲಲ್ಲೇ ನಿಂತು, "ರಿಪೋರ್ಟ್ ಬಂತು, ನೀರು ಶುದ್ಧ. ಇನ್ನು ಕುಡೀಬಹುದು," ಎಂದು ಕೂಗಿ ಸೈಕಲ್ ತಿರುಗಿಸಿದ. ಬೀದಿಯಲ್ಲಿ ಯಾರೂ ನಂಬಲಿಲ್ಲ. ಕೆಂಪು ಪಟ್ಟೆ ಇನ್ನೂ ಇದೆಯಲ್ಲ? ಮನೆಯವರೇ ಕುಡಿಯುತ್ತಿಲ್ಲವಲ್ಲ?

ಅಂದು ಪರಮಶಿವಪ್ಪ ಪೂಜೆ ಮುಗಿಸಿದರೂ ಮಣೆ ಬಿಟ್ಟು ಏಳಲಿಲ್ಲ.

"ನೀಲವ್ವಾ, ಬಾ ಇಲ್ಲಿ. ನನ್ನ ಎದೇಲಿ ಒಂದು ಮಾತು ಕೊಳೀತಾ ಐತೆ."

ಅವಳು ಕಂಬಕ್ಕೆ ಒರಗಿ ನಿಂತಳು.

"ಮೇಲಿನ ಸಾಹೇಬ್ರು ನನ್ನನ್ನ ಕರೆಸಿದ್ರು, ಆಷಾಢದಾಗೆ. ಹೆದರಿ ಸತ್ತೇಹೋಗಿದ್ದೆ. ಹಗೇವು ಯಾಕೆ ಮುಚ್ಚಿಟ್ಟೆ ಅಂತ ಕೇಳ್ತಾರೆ ಅಂದ್ಕೊಂಡಿದ್ದೆ. ಕೇಳಲೇ ಇಲ್ಲ. ಆ ಬೆನಕಪ್ಪ ಬರೆದುಕೊಟ್ಟಿದ್ದ... 'ಗುಂಡಿ ಒಳಗೆ ಇಳಿದು ನೋಡದೆ ಒಪ್ಪಿಗೆ ಕೊಟ್ಟಿದ್ದು ನನ್ನ ತಪ್ಪು, ಮನೆಯವರದ್ದಲ್ಲ' ಅಂತ. ಅದಕ್ಕೇ ರಾತೋರಾತ್ರಿ ವರ್ಗ ಮಾಡಿದ್ರು. ನಾನು ಬಾಯಿ ಮುಚ್ಕೊಂಡು ಬಂದೆ. ನಿನಗೂ ಬಾಯಿ ಮುಚ್ಚಿಸಿದ್ದೆ."

ನೀಲಾಂಬಿಕೆ ಕಂಬ ಬಿಟ್ಟು ನೇರ ನಿಂತಳು. ತಾನು ಇಷ್ಟು ದಿನ ಬೈದುಕೊಂಡದ್ದು ಅಂಥವನನ್ನೇ?

"ನಾನು ತವರಿಗೆ ಹೋಗಿ ಬರ್ತೀನಿ ಮಾವ," ಎಂದಳು. "ಸೊರಬದಲ್ಲಿ ಇಳಿದು ಹೋಗ್ತೀನಿ."

ಪರಮಶಿವಪ್ಪ ಅವಳ ಮುಖ ನೋಡಿದ. ಯಾಕೆ ಎಂದು ಕೇಳಲಿಲ್ಲ. "ಅವನು ಬರ್ತೀನಿ ಅಂದ್ರೆ ಸೋಮವಾರ ಕರ್ಕೊಂಡು ಬಾ," ಎಂದ.

* * *

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಅವಳು ತಂಬಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಾಯಿಗೆ ಒಗೆದ ಬಟ್ಟೆ ಕಟ್ಟಿತ್ತು. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಹಿಡಿದುಕೊಂಡಳು. ಪಕ್ಕದ ಮುದುಕಿ "ತುಪ್ಪವೇನವ್ವಾ?" ಎಂದು ಕೇಳಿದಳು. ನೀಲಾಂಬಿಕೆ "ನೀರು" ಎಂದಾಗ, ನೀರನ್ನು ಯಾರಾದರೂ ಹೀಗೆ ಹೊತ್ತೊಯ್ಯುತ್ತಾರೆಯೇ ಎಂಬಂತೆ ನೋಡಿದಳು.

ಸೊರಬದ ಆಸ್ಪತ್ರೆಯ ಪಕ್ಕದಲ್ಲೊಂದು ಹೆಂಚಿನ ಕೋಣೆ. ಬೆನಕಪ್ಪ ಮೇಜಿನ ಮೇಲೆ ಬಗ್ಗಿ ಏನೋ ಬರೆಯುತ್ತಿದ್ದ. ಸೊರಗಿದ್ದ. ತಲೆಯೆತ್ತಿದವನ ಕೈಯಿಂದ ಲೇಖನಿ ಉರುಳಿತು.

"ನೀವು! ಎಂತ... ಮನೇಲಿ ಯಾರಿಗಾದ್ರೂ..."

"ಎಲ್ಲಾರೂ ಆರಾಮಿದಾರೆ." ಅವಳು ತಂಬಿಗೆಯನ್ನು ಮೇಜಿನ ಮೇಲಿಟ್ಟಳು. ಬಸ್ಸಿನುದ್ದಕ್ಕೂ ಕಟ್ಟಿಕೊಂಡ ಮಾತುಗಳೆಲ್ಲ ಚೆದುರಿಹೋದವು. "ಮೊದಲು ನಾನು ಹೇಳಿ ಮುಗಿಸ್ತೀನಿ. ನಡುವೆ ಮಾತಾಡಬೇಡಿ. ಮಾತಾಡಿದ್ರೆ ನನಗೆ ಹೇಳೋಕಾಗಲ್ಲ."

ಅವನು ಎದ್ದು ನಿಂತ.

"ಅದು ಹಗೇವು ಅಂತ ನನಗೆ ಗೊತ್ತಿತ್ತು. ಒಳಗೆ ಇಳಿದಿದ್ದೆ. ನೀವು ಆಳ ಎಷ್ಟು ಅಂತ ಕೇಳಿದಾಗ ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ನಿಂಗಮ್ಮನ ಕೂಸು ಸಾಯೋ ಹಾಗಾಯ್ತು. ನಿಮಗೆ ಶಿಕ್ಷೆ ಆಯ್ತು. ಎಲ್ಲಾ ನನ್ನಿಂದ..." ಸೆರಗಿನಿಂದ ಕಣ್ಣೊತ್ತಿಕೊಂಡಳು.

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ನಂಗೆ ಗೊತ್ತಿತ್ತು," ಎಂದ ಬೆನಕಪ್ಪ ಮೆಲ್ಲಗೆ.

"ಆಂ?"

"ಅವತ್ತು ಟೇಪು ಹಿಡಿದಾಗ ನೀವು ಬಾಯಿ ತೆರೆದು ಮುಚ್ಚಿದ್ರಿ. ಕಣ್ಣಲ್ಲಿ ನೀರಿತ್ತು. ಏನೋ ಇದೆ ಅಂತ ನಂಗೆ ಅನ್ನಿಸ್ತು. ಆದ್ರೂ ಯಜಮಾನ್ರು ಹೇಳಿದ್ದನ್ನೇ ಬರ್ಕಂಡೆ. ಹೆಂಗಸನ್ನ, ಅದೂ ಗಂಡ ಇಲ್ಲದ ಮನೆ ಸೊಸೇನ ಎಂತ ಕೇಳೋದು ಅಂತ ಸುಮ್ಮನಾದೆ. ದಿನಾ ಆ ಬಾವೀಲಿ ನೀರು ಸೇದೋರು ನೀವು. ನಿಮ್ಮನ್ನೇ ಕೇಳಬೇಕಿತ್ತು. ಹಲಗೆ ಎತ್ತಿದ ದಿನ ಅರ್ಥ ಆಯ್ತು. ಅದಕ್ಕೇ ನನ್ನ ತಪ್ಪು ಅಂತ ಬರೆದೆ. ಸುಳ್ಳು ಬರೀಲಿಲ್ಲ."

"ಹೇಳದೆ ಬಂದ್ರಲ್ಲ! ನಾಲ್ಕು ತಿಂಗಳು ನಾನು..."

"ಯಾವ ಮುಖ ಇಟ್ಕಂಡು ಹೇಳಲಿ? ಸಹಿ ಹಾಕಿ ಬೀದಿಗೆಲ್ಲ ರೋಗ ತಂದೋನು ನಾನು. ಎರಡು ಸಲ ಕಾಗದ ಬರೆದೆ, ಹರಿದು ಹಾಕಿದೆ. ಒಂಟಿ ಹೆಣ್ಣುಮಗಳಿಗೆ ನನ್ನ ಕಾಗದ ಬಂದ್ರೆ ನಿಮ್ಮ ಬೀದಿ ಏನು ಅನ್ನತ್ತೆ ಅಂತ ಹೆದರಿದೆ." ಅವನ ನೋಟ ತಂಬಿಗೆಯ ಮೇಲೆ ಬಿತ್ತು. "ಇದು...?"

"ಬಾವೀದು. ಇವತ್ತು ಬೆಳಿಗ್ಗೆ ಸೇದಿದ್ದು. ರಿಪೋರ್ಟ್ ಬಂತಂತೆ. ಯಾರೂ ಕುಡೀತಿಲ್ಲ. ನಾನೂ ಕುಡಿದಿಲ್ಲ."

"ನೀವು ಎಂತಕ್ಕೆ ಕುಡೀಲಿಲ್ಲ?"

"ಮೊದಲ ಗುಟುಕು ನಿಮ್ದು ಅಂದಿದ್ರಲ್ಲ... ಕಾಯ್ತಿದ್ದೆ."

ಬೆನಕಪ್ಪ ಬಟ್ಟೆ ಬಿಚ್ಚಿದ. ಅಭ್ಯಾಸಬಲದಿಂದ ಮೂಗಿನ ಹತ್ತಿರ ಹಿಡಿದು ಮೂಸಿದ! ಅಳುವಿನ ನಡುವೆಯೂ ಅವಳಿಗೆ ನಗು ಬಂತು.

"ತಂಬಿಗೆ ಬಿಸಿನೀರಲ್ಲಿ ತೊಳೆದಿದೀರಾ?"

"ಎರಡು ಸಲ ತೊಳೆದಿದೀನಿ, ಇನ್ಸ್‌ಪೆಕ್ಟ್ರೇ!"

ಅವನು ತಂಬಿಗೆ ಎತ್ತಿ ಗಟಗಟನೆ ಕುಡಿದ. ಅರ್ಧ ಉಳಿಸಿ ಅವಳ ಕಡೆ ಚಾಚಿದ. ನಾಲ್ಕು ತಿಂಗಳ ಮೇಲೆ ನೀಲಾಂಬಿಕೆ ತನ್ನ ಬಾವಿಯ ನೀರು ಕುಡಿದಳು. ಅದು ಮೊದಲಿನಷ್ಟೇ ಸಿಹಿಯಾಗಿತ್ತು.

"ಸೋಮವಾರ ಬರ್ತೀರಾ?" ಎಂದು ಕೇಳಿದಳು. "ಸುಣ್ಣ ಬಳಿಯೋದು ಬಾಕಿ ಇದೆ."

* * *

ಸೋಮವಾರ ಬೆಳಿಗ್ಗೆ ಬೆನಕಪ್ಪ ಸುಣ್ಣದ ಬಕೀಟು ಹಿಡಿದು ಹಿತ್ತಲಿಗೆ ಬಂದಾಗ, ಬೀದಿಯ ಹೆಂಗಸರೆಲ್ಲ ಬಾಗಿಲ ಹೊರಗೆ ಗುಂಪುಗೂಡಿದ್ದರು. ಒಳಗೆ ಮಾತ್ರ ಯಾರೂ ಕಾಲಿಡಲಿಲ್ಲ.

ನೀಲಾಂಬಿಕೆ ಒಂದು ಕೊಡ ಸೇದಿದಳು. ಅವನು ಎಲ್ಲರ ಎದುರೇ ಬೊಗಸೆಯೊಡ್ಡಿ ಕುಡಿದ. ಅವಳೂ ಕುಡಿದಳು. ಪರಮಶಿವಪ್ಪ ಬಂದು ಕುಡಿದ. ಆದರೂ ಹೆಂಗಸರು ಕದಲಲಿಲ್ಲ.

ಆಗ ನೀಲಾಂಬಿಕೆ ಕೊಡ ಕೆಳಗಿಟ್ಟು ನಿಂಗಮ್ಮನ ಮುಂದೆ ಹೋಗಿ ನಿಂತಳು.

"ಅಕ್ಕಾ... ಅವತ್ತು ನೀನು ಕೇಳಿದ್ದೆ. ನನಗೆ ಗೊತ್ತಿತ್ತು. ಹೆದರಿ ಹೇಳಲಿಲ್ಲ. ಇವತ್ತು ಹೇಳ್ತಿದೀನಿ. ಇನ್ನು ಈ ಬಾವಿ ವಿಷಯದಲ್ಲಿ ಯಾರು ತಡೆದ್ರೂ ನಾನು ಮುಚ್ಚಿಡಲ್ಲ."

"ಅವಳದಲ್ಲ ತಪ್ಪು," ಪರಮಶಿವಪ್ಪನ ದನಿ ಹಿಂದಿನಿಂದ ಬಂತು. "ನಂದು."

ನಿಂಗಮ್ಮನ ಕಣ್ಣು ಕೆಂಪಾಯಿತು. ಏನೋ ಗಟ್ಟಿ ಮಾತು ತುಟಿಯವರೆಗೆ ಬಂದದ್ದು ಎಲ್ಲರಿಗೂ ಕಂಡಿತು. ಅವಳು ಅದನ್ನು ನುಂಗಿಕೊಂಡಳು. ಹೊಸಿಲು ದಾಟಿ ಬಂದು ತನ್ನ ಕೊಡವನ್ನು ಕಟ್ಟೆಗೆ ತಾಗಿಸಿಟ್ಟಳು.

"ಸೇದು," ಎಂದಳು. "ನನ್ನ ಕೂಸಿಗೆ ಕೊಡೋದು, ಒಂದು ತಿಂಗಳು ಕಾಯಿಸಿ ಕೊಡ್ತೀನಿ. ಬೇಜಾರು ಮಾಡ್ಕೋಬೇಡ."

"ಕಾಯಿಸೇ ಕೊಡಿ ಅಕ್ಕಾ, ಅದೇ ಒಳ್ಳೇದು!" ಬೆನಕಪ್ಪ ಅವಸರದಿಂದ ಹೇಳಿದ. ಎಲ್ಲರೂ ನಕ್ಕರು. ಒಂದರ ಹಿಂದೊಂದು ಕೊಡ ಕಟ್ಟೆಗೆ ತಾಗಿತು. ನೀಲಾಂಬಿಕೆ ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳಿದಳು.

ಹೆಂಗಸರೆಲ್ಲ ಹೋದ ಮೇಲೆ ಬೆನಕಪ್ಪ ಕೆಂಪು ಪಟ್ಟೆಯ ಮೇಲೆ ಸುಣ್ಣ ಬಳಿದು ಮುಗಿಸಿದ. ಕೈ ತೊಳೆದುಕೊಂಡು, ಹುಣಸೆ ಮರದ ಕೆಳಗಿದ್ದ ಪರಮಶಿವಪ್ಪನ ಮುಂದೆ ಹೋಗಿ ನಿಂತ. ಕಿವಿಯವರೆಗೆ ಕೆಂಪಾಗಿದ್ದ.

"ಯಜಮಾನ್ರೆ, ನಿಮ್ಮನ್ನ ಒಂದು ಮಾತು ಕೇಳಬೇಕು. ನಿಮ್ಮ ಸೊಸೇನ..."

"ಗೊತ್ತಾತಪ್ಪ," ಪರಮಶಿವಪ್ಪ ತಡೆದ. "ಗಂಡ ಸತ್ತೋಳಿಗೆ ಸೀರೆ ಉಡಿಸಿ ಇನ್ನೊಂದು ಮನೆ ತುಂಬಿಸೋದು ನಮ್ಮಲ್ಲಿ ಹೊಸದಲ್ಲ. ಉಡಿಕೆ ನಾನೇ ನಿಂತು ಮಾಡಿಸ್ತೀನಿ, ಮಗಳನ್ನ ಕಳಿಸಿದಂಗೆ. ಆದ್ರೆ ನನ್ನನ್ನ ಯಾಕೆ ಕೇಳ್ತೀಯ? ಒಂದ್ಸಲ ನನ್ನನ್ನ ಕೇಳಿ ಕೆಟ್ಟಿದ್ದು ಸಾಲದಾ? ಅವಳನ್ನೇ ಕೇಳು."

ಆತ ಶಲ್ಯ ಹೆಗಲಿಗೆ ಹಾಕಿಕೊಂಡು ಒಳಗೆ ನಡೆದ. ನಡೆಯುವಾಗ ಕಣ್ಣೊರೆಸಿಕೊಂಡದ್ದನ್ನು ಇಬ್ಬರೂ ನೋಡದಂತೆ ನಟಿಸಿದರು.

ಅವಳು ಬಾವಿಕಟ್ಟೆಯ ಹತ್ತಿರ. ಅವನು ಹುಣಸೆ ಮರದ ಕಡೆ. ನಡುವೆ ಆ ಹಿತ್ತಲು. ಬೆನಕಪ್ಪ ಅಷ್ಟು ದೂರವನ್ನೂ ನಡೆದು ಬಂದು ಅವಳ ಎದುರಿಗೆ ನಿಂತ.

"ಅವತ್ತು ಕೇಳಲಿಲ್ಲ. ಇವತ್ತು ಕೇಳ್ತಿದೀನಿ. ನೀಲಾಂಬಿಕೆ... ನನ್ನ ಜೊತೆ ಬರ್ತೀರಾ?"

ಅವಳು ಹಗ್ಗದ ತುದಿ ಸುತ್ತುತ್ತ ನಿಂತಳು. ಅವನ ಮುಖ ಬಾಡಿತು.

"ಎಂತ... ಬೇಡವಾ?"

"ಬೇಡ ಅಂದೆನಾ?" ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತುಟಿಯಲ್ಲಿ ನಗುವಿತ್ತು. "ಈ ಮನೆಗೆ ಬಂದ ಮೇಲೆ ನಿಂಗೆ ಏನು ಬೇಕು ಅಂತ ನನ್ನನ್ನ ಯಾರೂ ಕೇಳಿಲ್ಲ. ಕೇಳಿಸ್ಕೊಳ್ಳೋಕೆ ಚೆನ್ನಾಗಿದೆ. ಇನ್ನೊಂದ್ಸಲ ಕೇಳಿ."

ಅವನು ಇನ್ನೊಂದು ಸಲ ಕೇಳಿದ.

"ಹೂಂ," ಎಂದಳು ನೀಲಾಂಬಿಕೆ.